ಸಂಘದ ರಿಜಿಸ್ಟರ್, ಮತದಾರರ ಪಟ್ಟಿ

ಹೊರನಾಡ ಕನ್ನಡಿಗರ ಬಗ್ಗೆ ಬರುವ ಬರಹಗಳಲ್ಲಿ ಊಟ ಇರುತ್ತದೆ, ಹಬ್ಬ ಇರುತ್ತದೆ, ಯಕ್ಷಗಾನ ಇರುತ್ತದೆ, ಮಕ್ಕಳು ಕನ್ನಡ ಮರೆಯುತ್ತಿದ್ದಾರೆ ಎಂಬ ಕೊರಗಂತೂ ಇದ್ದೇ ಇರುತ್ತದೆ. ಇರದೇ ಇರುವುದು ಓಟು. ನಾವು ಇರುವ ಊರಿನ ನಲ್ಲಿ, ಗಟಾರ, ಶಾಲೆ, ಪೊಲೀಸ್ ಠಾಣೆ ಇವುಗಳ ಮೇಲೆ ನಮ್ಮ ಮಾತು ಎಷ್ಟು ನಡೆಯುತ್ತದೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಕಡಿಮೆ. ‘ಸಂಘ’ ಎಂದಕೂಡಲೇ ನಮಗೆ ನೆನಪಾಗುವುದು ಸಭಾಂಗಣ, ವಾರ್ಷಿಕೋತ್ಸವ, ಸ್ಮರಣ ಸಂಚಿಕೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಬೇರೆ ಕಡೆ, ಬೇರೆ ಜನ ಸಂಘ ಕಟ್ಟಿದಾಗ ಏನು ಮಾಡಿದರು ಎಂದು ನೋಡಿದರೆ ನಮ್ಮ ಲೆಕ್ಕ ಸ್ವಲ್ಪ ಬದಲಾಗಬಹುದು.

ಅಂಥ ಎರಡು ಪುಸ್ತಕಗಳ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಎರಡೂ ಇಂಗ್ಲಿಷಿನವು, ಎರಡೂ ಅಮೆರಿಕದ ಲ್ಯಾಟಿನೊ ಜನರ ರಾಜಕೀಯ ಸಂಘಟನೆಗೆ ಸಂಬಂಧಿಸಿದ ಜೀವನಚರಿತ್ರೆಗಳು. ಒಂದು, ಗೇಬ್ರಿಯಲ್ ಥಾಂಪ್ಸನ್ 2016ರಲ್ಲಿ ಪ್ರಕಟಿಸಿದ ‘ಅಮೆರಿಕಾಸ್ ಸೋಷಿಯಲ್ ಆರ್ಸನಿಸ್ಟ್’. ಇದು ಫ್ರೆಡ್ ರಾಸ್ ಎಂಬ ಸಂಘಟಕನ ಕತೆ. ಇನ್ನೊಂದು, ಹುವಾನ್ ಸೆಪುಲ್ವೆಡಾ ಅವರ ‘ದಿ ಲೈಫ್ ಆ್ಯಂಡ್ ಟೈಮ್ಸ್ ಆಫ್ ವಿಲಿ ವೆಲಾಸ್ಕೆಸ್’, 2003ರದ್ದು. ನಾನು ಸಾಹಿತ್ಯದ ವಿದ್ಯಾರ್ಥಿಯಲ್ಲ. ಎಂ.ಕಾಂ. ಮಾಡಿ ಬ್ಯಾಂಕಿಗೆ ಸೇರಿ, ಮುಂಬಯಿಯಲ್ಲೇ ಹೆಚ್ಚಿನ ವರ್ಷ ಕಳೆದು, ಅಧಿಕಾರಿಯಾಗಿ ನಿವೃತ್ತನಾದವನು. ಹಾಗಾಗಿ ಈ ಪುಸ್ತಕಗಳನ್ನು ಶಾಖೆಯ ಇನ್‌ಸ್ಪೆಕ್ಷನ್‌ಗೆ ಹೋದವನ ಕಣ್ಣಿನಿಂದಲೇ ಓದಿದೆ ಅನ್ನಬೇಕು. ಜಮಾ ಏನು, ಖರ್ಚು ಏನು, ಯಾವ ಬಾಕಿ ಲೆಕ್ಕದಲ್ಲಿ ಕಾಣುತ್ತಿಲ್ಲ ಎಂಬುದೇ ನನ್ನ ಪ್ರಶ್ನೆ.

ಮೊದಲು ಈ ಜನ ಯಾರು ಎಂಬುದನ್ನು ಊರಿನಲ್ಲಿರುವ ಓದುಗರಿಗೆ ಹೇಳಬೇಕು. ಲ್ಯಾಟಿನೊ ಅಂದರೆ ಮೆಕ್ಸಿಕೊ, ಪೋರ್ಟೊ ರಿಕೊ, ಕ್ಯೂಬಾ, ಮಧ್ಯ ಮತ್ತು ದಕ್ಷಿಣ ಅಮೆರಿಕದ ದೇಶಗಳ ಮೂಲದವರು. 2020ರ ಅಮೆರಿಕದ ಜನಗಣತಿಯಲ್ಲಿ ಇವರ ಸಂಖ್ಯೆ 6 ಕೋಟಿ 21 ಲಕ್ಷ. ದೇಶದ ಜನಸಂಖ್ಯೆಯಲ್ಲಿ ಶೇಕಡ 18.7. ಇವರೆಲ್ಲ ಗಡಿ ದಾಟಿ ಬಂದವರು ಎಂದು ನಾವು ತಿಳಿದಿರುತ್ತೇವೆ. ಎಲ್ಲರೂ ಹಾಗಲ್ಲ. ಕ್ಯಾಲಿಫೋರ್ನಿಯಾ, ನ್ಯೂ ಮೆಕ್ಸಿಕೊ ಮುಂತಾದ ಪ್ರದೇಶಗಳು ಮೆಕ್ಸಿಕೊ ದೇಶದಲ್ಲೇ ಇದ್ದವು. 1848ರಲ್ಲಿ ಯುದ್ಧ ಮುಗಿದು ಒಪ್ಪಂದವಾದಾಗ ನೆಲ ಅಮೆರಿಕಕ್ಕೆ ಹೋಯಿತು, ನೆಲದ ಮೇಲಿದ್ದ ಜನ ಕೂತಲ್ಲೇ ಪರಕೀಯರಾದರು. ಇದನ್ನು ಅಕ್ಕಲಕೋಟೆಯವರಿಗೋ, ಜತ್ತದವರಿಗೋ, ಕಾಸರಗೋಡಿನವರಿಗೋ ಬಿಡಿಸಿ ಹೇಳಬೇಕಾಗಿಲ್ಲ. 1956ರಲ್ಲಿ ಅವರೂ ಊರು ಬಿಡದೆಯೇ ಹೊರನಾಡಿನವರಾದವರು. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ನಮ್ಮ ಗಡಿ ಒಂದೇ ದೇಶದೊಳಗಿನದು, ಓಟಿನ ಹಕ್ಕು ಯಾರದ್ದೂ ಹೋಗಲಿಲ್ಲ. ಅಲ್ಲಿ ಹಾಗಲ್ಲ. ಕಾಗದದ ಮೇಲೆ ಪೌರತ್ವ ಇದ್ದವರಿಗೂ ಮತಗಟ್ಟೆ ದೂರವೇ ಇತ್ತು. ಟೆಕ್ಸಾಸಿನಲ್ಲಿ ಓಟು ಹಾಕಲು ತಲೆಗಂದಾಯ ಕಟ್ಟಬೇಕಿತ್ತು. ಒಂದು ಡಾಲರ್ 50 ಸೆಂಟ್. ದಿನಗೂಲಿಯವನಿಗೆ ಅದು ಸಣ್ಣ ಮೊತ್ತವಲ್ಲ. ಆ ಕಂದಾಯ ಪೂರ್ತಿಯಾಗಿ ಹೋದದ್ದು 1966ರಲ್ಲಿ.

ಈಗ ಮೊದಲ ಪುಸ್ತಕದ ಊರಿಗೆ ಬರೋಣ. ಲಾಸ್ ಏಂಜಲೀಸ್ ನಗರದ ಪೂರ್ವಕ್ಕೆ ಬಾಯ್ಲ್ ಹೈಟ್ಸ್ ಎಂಬ ಬಡಾವಣೆ. ಮೆಕ್ಸಿಕನ್ನರು, ಯಹೂದಿಗಳು, ಜಪಾನಿ ಮೂಲದವರು ಅಕ್ಕಪಕ್ಕ ಬದುಕುತ್ತಿದ್ದ ಕೆಲಸಗಾರರ ಕೇರಿ. ಅಲ್ಲಿ ಎಡ್ವರ್ಡ್ ರಾಯ್‌ಬಲ್ ಎಂಬ ತರುಣ ಕ್ಷಯರೋಗ ನಿವಾರಣೆಯ ಸಂಸ್ಥೆಯಲ್ಲಿ ಆರೋಗ್ಯ ಶಿಕ್ಷಣದ ಕೆಲಸ ಮಾಡುತ್ತಿದ್ದ. 1947ರಲ್ಲಿ ನಗರಸಭೆಗೆ ನಿಂತ, ಸೋತ, ಮೂರನೆಯ ಸ್ಥಾನಕ್ಕೆ ಬಂದ. ನಮ್ಮ ಕಡೆ ಸಾಮಾನ್ಯವಾಗಿ ಚುನಾವಣೆ ಸೋತ ಮಾರನೆಯ ದಿನ ಪೆಂಡಾಲು ಬಿಚ್ಚುತ್ತಾರೆ, ಬಾಡಿಗೆ ಕುರ್ಚಿ ವಾಪಸ್ ಹೋಗುತ್ತದೆ. ಇವರು ಬಿಚ್ಚಲಿಲ್ಲ. ಪ್ರಚಾರಕ್ಕೆ ಸೇರಿದ್ದ ಜನ ಮತ್ತೆ ಸೇರಿ ಒಂದು ಸಂಘ ಮಾಡಿಕೊಂಡರು. ಮೊದಲು ಇಟ್ಟ ಹೆಸರು ‘ಕಮ್ಯುನಿಟಿ ಪೊಲಿಟಿಕಲ್ ಆರ್ಗನೈಸೇಷನ್’. ಆದರೆ ಮೊದಲಕ್ಷರ ನೋಡಿ ಕಮ್ಯುನಿಸ್ಟ್ ಪಾರ್ಟಿ ಅಂದುಕೊಳ್ಳುವ ಕಾಲ ಅದು. ‘ಪೊಲಿಟಿಕಲ್’ ತೆಗೆದು ‘ಸರ್ವಿಸ್’ ಸೇರಿಸಿದರು. ಸಿ.ಎಸ್.ಓ. ಎಂದೇ ಮುಂದೆ ಹೆಸರಾಯಿತು. ಬೋರ್ಡಿನಿಂದ ರಾಜಕೀಯ ಹೋಯಿತು, ಕೆಲಸದಲ್ಲಿ ಹಾಗೇ ಉಳಿಯಿತು. ನಮ್ಮ ಅನೇಕ ಸಂಘಗಳ ನಿಯಮಾವಳಿಯಲ್ಲೂ ‘ರಾಜಕೀಯೇತರ’ ಎಂಬ ಪದ ಇರುತ್ತದೆ. ನಾವು ಆ ಪದವನ್ನು ಅಕ್ಷರಶಃ ಪಾಲಿಸುತ್ತೇವೆ, ಅವರು ಜಾಣತನದಿಂದ ಬಳಸಿದರು.

ಅದೇ ವರ್ಷ ಷಿಕಾಗೋದ ಸಾಲ್ ಅಲಿನ್‌ಸ್ಕಿ ಅವರ ಸಂಸ್ಥೆಯ ಪರವಾಗಿ ಫ್ರೆಡ್ ರಾಸ್ ಅಲ್ಲಿಗೆ ಬಂದರು. ರಾಸ್ ಮೆಕ್ಸಿಕನ್ ಅಲ್ಲ, ಬಿಳಿಯ. ಹಿಂದೆ ವಲಸೆ ಕೂಲಿಗಳ ಸರ್ಕಾರಿ ಕ್ಯಾಂಪ್ ನೋಡಿಕೊಂಡಿದ್ದವರು. ಯುದ್ಧಕಾಲದಲ್ಲಿ ನಿರ್ಬಂಧಕ್ಕೊಳಗಾದ ಜಪಾನಿ ಮೂಲದವರ ನಡುವೆ ಕೆಲಸ ಮಾಡಿದ್ದವರು. ಅವರ ಪದ್ಧತಿ ಬಹಳ ಸರಳ. ಯಾರದಾದರೂ ಮನೆಯಲ್ಲಿ ಎಂಟು ಹತ್ತು ಜನ ಸೇರುವುದು, ಅವರ ತೊಂದರೆ ಕೇಳುವುದು, ಅಲ್ಲಿ ಬಂದವರಲ್ಲಿ ಒಬ್ಬರ ಮನೆಯಲ್ಲಿ ಮುಂದಿನ ಸಭೆ ಗೊತ್ತು ಮಾಡುವುದು. ಹೀಗೆ ವಾರಗಟ್ಟಲೆ ಮಾಡಿದ ಮೇಲೆ ದೊಡ್ಡ ಸಭೆ. ಭಾಷಣ ಕಡಿಮೆ, ಬರೆದುಕೊಳ್ಳುವುದು ಹೆಚ್ಚು. ಜೊತೆಗೆ ಮತದಾರರ ನೋಂದಣಿ. ಕ್ಯಾಲಿಫೋರ್ನಿಯಾದಲ್ಲಿ ಆಗ ಮನೆ ಮನೆಗೆ ಹೋಗಿ ಹೆಸರು ಸೇರಿಸಬೇಕಾದರೆ ಉಪ ನೋಂದಣಾಧಿಕಾರಿಯಾಗಿ ಪ್ರಮಾಣ ಸ್ವೀಕರಿಸಬೇಕಿತ್ತು. ಸಂಘದವರು ಅಧಿಕಾರಿಗಳ ಬೆನ್ನುಹತ್ತಿ, ಸ್ಪ್ಯಾನಿಷ್ ಬಲ್ಲ ತಮ್ಮ ಸದಸ್ಯರನ್ನೇ ಆ ಕೆಲಸಕ್ಕೆ ನೇಮಿಸಿಕೊಂಡರು. ಹನ್ನೆರಡರಿಂದ ಹದಿನೈದು ಸಾವಿರ ಹೊಸ ಹೆಸರು ಪಟ್ಟಿಗೆ ಬಂದವು ಎಂದು ಇತಿಹಾಸಕಾರರು ಬರೆಯುತ್ತಾರೆ. 1949ರಲ್ಲಿ ರಾಯ್‌ಬಲ್ ಅದೇ ವಾರ್ಡಿನಲ್ಲಿ ದೊಡ್ಡ ಅಂತರದಿಂದ ಗೆದ್ದರು. 1880ರ ದಶಕದ ನಂತರ ಆ ನಗರಸಭೆಗೆ ಹೋದ ಮೊದಲ ಮೆಕ್ಸಿಕನ್ ಮೂಲದ ಸದಸ್ಯ ಅವರು.

ಥಾಂಪ್ಸನ್ ಅವರ ಪುಸ್ತಕದ ದೊಡ್ಡ ಗುಣ ಈ ಭಾಗದಲ್ಲಿದೆ. ಸಂಘಟನೆ ಎಂದರೆ ಆವೇಶವಲ್ಲ, ಅದೊಂದು ಗುಮಾಸ್ತಗಿರಿ ಎಂಬುದನ್ನು ಅವರು ತೋರಿಸುತ್ತಾರೆ. ಕಾರ್ಡು ಬರೆಯುವುದು, ಬಾರದವರ ಮನೆಗೆ ಮತ್ತೆ ಹೋಗುವುದು, ಒಪ್ಪಿಕೊಂಡವರಿಗೆ ಹಿಂದಿನ ರಾತ್ರಿ ನೆನಪು ಮಾಡುವುದು. ಡೇ-ಬುಕ್ ಟ್ಯಾಲಿ ಆಗದೆ ಮನೆಗೆ ಹೋಗದ ಹಳೆಯ ಹೆಡ್ ಕ್ಲಾರ್ಕನ ಛಲ ರಾಸ್ ಅವರಲ್ಲಿ ಕಾಣುತ್ತದೆ. ಅವರ ಮನೆಯವರು ಇದಕ್ಕೆ ಕೊಟ್ಟ ಬೆಲೆಯನ್ನೂ ಲೇಖಕರು ಮುಚ್ಚಿಡುವುದಿಲ್ಲ. ಇದು ಪ್ರಾಮಾಣಿಕ ಪುಸ್ತಕ.

ನನ್ನ ತಕರಾರು ಬೇರೆಡೆ ಇದೆ. ಜೀವನಚರಿತ್ರೆ ಅಂದಮೇಲೆ ಒಬ್ಬ ಮನುಷ್ಯ ನಡುವೆ ನಿಲ್ಲಲೇಬೇಕು. ಹಾಗೆ ನಿಂತಾಗ ಉಳಿದವರು ಅಂಚಿಗೆ ಸರಿಯುತ್ತಾರೆ. ಸಿ.ಎಸ್.ಓ.ದ ನೋಂದಣಿ ಕೆಲಸದ ಭಾರ ಬಹುಮಟ್ಟಿಗೆ ಹೊತ್ತವರು ಹೆಂಗಸರು. ಗಾರ್ಮೆಂಟ್ ಕಾರ್ಮಿಕ ಸಂಘದಿಂದ ಬಂದ ಮರಿಯಾ ಡುರಾನ್, ಹೋಪ್ ಮೆಂಡೋಜಾ ಅಂಥವರು ಸಂಘದ ಮೊದಲ ದಿನಗಳಿಂದ ಇದ್ದವರು. ಒಂದು ಬಾಗಿಲು ತಟ್ಟಿ, ಒಳಗೆ ಕರೆಸಿಕೊಂಡು, ಅಡುಗೆಮನೆಯಲ್ಲಿ ಕೂತು ಅರ್ಜಿ ತುಂಬಿಸುವುದು ಅಪರಿಚಿತ ಗಂಡಸಿನಿಂದ ಅಷ್ಟು ಸುಲಭವಾಗಿ ಆಗುವ ಕೆಲಸವಲ್ಲ. ಈ ಹೆಂಗಸರ ಕಡೆಯಿಂದ ಕತೆ ಹೇಳಿದ್ದರೆ ಪುಸ್ತಕದ ಆಕಾರವೇ ಬೇರೆಯಾಗುತ್ತಿತ್ತು. ನಮ್ಮ ಸಂಘಗಳ ಸ್ಮರಣ ಸಂಚಿಕೆ ತೆಗೆದು ನೋಡಿ: ಮುಂದಿನ ಪುಟಗಳಲ್ಲಿ ಅಧ್ಯಕ್ಷರ ಭಾವಚಿತ್ರ, ಹಿಂದಿನ ಪುಟಗಳಲ್ಲಿ ‘ಮಹಿಳಾ ವಿಭಾಗ’ ಎಂಬ ಗುಂಪು ಫೋಟೊ. ಈ ರೋಗ ಅಲ್ಲಿಯೂ ಇತ್ತು, ಇಲ್ಲಿಯೂ ಇದೆ.

ಇನ್ನೊಂದು ಮಾತು. ರಾಯ್‌ಬಲ್ ಗೆದ್ದದ್ದು ‘ನಮ್ಮವರ’ ಓಟಿನಿಂದ ಮಾತ್ರ ಎಂದು ತಿಳಿದರೆ ಮೋಸ ಹೋಗುತ್ತೇವೆ. ಆ ವಾರ್ಡಿನಲ್ಲಿ ಮೆಕ್ಸಿಕನ್ನರಿಗೆ ಬಹುಮತ ಇರಲಿಲ್ಲ. ಯಹೂದಿಗಳು, ಕಾರ್ಮಿಕ ಸಂಘದವರು ಕೈಜೋಡಿಸಿದ್ದರಿಂದಲೇ ಗೆಲುವು ಬಂತು. ಗೆದ್ದ ಮೇಲೆ ರಾಯ್‌ಬಲ್ ಅದನ್ನು ಮರೆಯಲೂ ಇಲ್ಲ. 1950ರಲ್ಲಿ ಕಮ್ಯುನಿಸ್ಟರು ಪೊಲೀಸರಲ್ಲಿ ಹೆಸರು ನೋಂದಾಯಿಸಬೇಕು ಎಂಬ ನಿಯಮ ಬಂದಾಗ ಇಡೀ ನಗರಸಭೆಯಲ್ಲಿ ವಿರುದ್ಧ ಓಟು ಹಾಕಿದವರು ಅವರೊಬ್ಬರೇ. 1951ರ ಕ್ರಿಸ್‌ಮಸ್ ರಾತ್ರಿ ಠಾಣೆಯಲ್ಲಿ ಪೊಲೀಸರು ಏಳು ಜನ ಬಂದಿಗಳನ್ನು ಬಡಿದರು. ಐವರು ಮೆಕ್ಸಿಕನ್ ಮೂಲದವರು. ಸಂಘ ಬಿಡದೆ ಹಿಡಿದ ಕಾರಣ ವಿಚಾರಣೆ ನಡೆದು ಕೆಲವು ಪೊಲೀಸರಿಗೆ ಶಿಕ್ಷೆಯಾಯಿತು. ಪೊಲೀಸರ ಮೇಲೆ ಬಡವ ದೂರು ಕೊಟ್ಟು ಗೆಲ್ಲುವುದು ಆ ಕಾಲದಲ್ಲಿ ಊಹಿಸಲೂ ಆಗದ ಸಂಗತಿ. ಹಾಗೆಯೇ 1961ರಲ್ಲಿ, ಪೌರತ್ವ ಇಲ್ಲದಿದ್ದರೂ ಬಹುಕಾಲದಿಂದ ಕ್ಯಾಲಿಫೋರ್ನಿಯಾದಲ್ಲೇ ದುಡಿದ ಮುದುಕರಿಗೆ ವೃದ್ಧಾಪ್ಯ ಪಿಂಚಣಿ ಕೊಡುವ ಕಾನೂನು ಆಯಿತು. ಅದಕ್ಕಾಗಿ ರಾಜಧಾನಿಯಲ್ಲಿ ಶಾಸಕರ ಹಿಂದೆ ಅಲೆದವರಲ್ಲಿ ಸಂಘದ ಡೊಲೊರೆಸ್ ವೆರ್ಟಾ ಮುಖ್ಯರು. ಆ ಮುದುಕರಿಗೆ ಓಟೇ ಇರಲಿಲ್ಲ. ಓಟು ಇದ್ದವರು ಓಟು ಇಲ್ಲದವರಿಗಾಗಿ ತಮ್ಮ ಬಲ ಖರ್ಚು ಮಾಡಿದರು. ಇಡೀ ಕತೆಯಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಂಡ ಜಮಾ ಇದು.

ಖರ್ಚಿನ ಕಡೆ ನೋಡೋಣ. 1962ರಲ್ಲಿ ಕ್ಯಾಲೆಕ್ಸಿಕೊದಲ್ಲಿ ಸಂಘದ ಅಧಿವೇಶನ ನಡೆಯಿತು. ಹೊಲದಲ್ಲಿ ದುಡಿಯುವ ಕೂಲಿಗಳನ್ನು ಸಂಘಟಿಸುವ ಕೆಲಸ ಕೈಗೆತ್ತಿಕೊಳ್ಳೋಣ ಎಂದು ಸೆಸಾರ್ ಚಾವೆಸ್ ಪ್ರಸ್ತಾಪ ಇಟ್ಟರು. ಸಂಘ ಒಪ್ಪಲಿಲ್ಲ. ಹತ್ತು ವರ್ಷದ ಹಿಂದೆ ರಾಸ್ ಅವರೇ ಸಾನ್ ಹೋಸೆಯ ಬಡ ಕೇರಿಯೊಂದರಲ್ಲಿ ಕಂಡು ಕರೆತಂದಿದ್ದ ಚಾವೆಸ್ ರಾಜೀನಾಮೆ ಕೊಟ್ಟು ಹೊರನಡೆದರು. ಮುಂದಿನ ದ್ರಾಕ್ಷಿ ಮುಷ್ಕರದ ಕತೆ ಜಗತ್ತಿಗೇ ಗೊತ್ತು. 2014ರಲ್ಲಿ ಸಿನಿಮಾ ಕೂಡ ಬಂತು. ಸಂಘ ಯಾಕೆ ಒಪ್ಪಲಿಲ್ಲ? ಆ ಹೊತ್ತಿಗೆ ನಗರದಲ್ಲಿ ಸ್ವಲ್ಪ ನೆಲೆ ಕಂಡುಕೊಂಡವರು, ಅಂಗಡಿ, ಕಚೇರಿ, ನೌಕರಿ ಇದ್ದವರು ಅದರಲ್ಲಿ ಹೆಚ್ಚಾಗಿದ್ದರು. ಹೊಲದ ಕೂಲಿಯ ಸಮಸ್ಯೆ ಅವರ ಸಮಸ್ಯೆಯಾಗಿ ಉಳಿದಿರಲಿಲ್ಲ ಎಂಬುದು ನನ್ನ ಓದು. ಊರಿನಿಂದ ಬರಿಗೈಯಲ್ಲಿ ಬಂದು ಮೇಲೆ ಬಂದ ಯಾವುದೇ ಸಮುದಾಯಕ್ಕೂ ಇದು ಅನ್ವಯಿಸುತ್ತದೆ. ಹೋಟೆಲಿನಲ್ಲಿ ಲೋಟ ತೊಳೆದು ಮಾಲೀಕರಾದವರ ಸಂಘದಲ್ಲಿ ಇವತ್ತು ಲೋಟ ತೊಳೆಯುವ ಹುಡುಗನಿಗೆ ಎಷ್ಟು ಜಾಗ ಇದೆ ಎಂದು ನಾವೇ ನೋಡಿಕೊಳ್ಳಬಹುದು.

ಅದೇ ವರ್ಷ ರಾಯ್‌ಬಲ್ ಅಮೆರಿಕದ ಸಂಸತ್ತಿಗೆ ಆರಿಸಿಬಂದರು. 1963ರಿಂದ 1993ರವರೆಗೆ ಮೂವತ್ತು ವರ್ಷ ಅಲ್ಲಿದ್ದರು. ದೊಡ್ಡ ಸಾಧನೆ. ಆದರೆ ಅವರು ಬಿಟ್ಟುಹೋದ ಲಾಸ್ ಏಂಜಲೀಸ್ ನಗರಸಭೆಗೆ ಮತ್ತೊಬ್ಬ ಲ್ಯಾಟಿನೊ ಸದಸ್ಯ ಬಂದದ್ದು ಯಾವಾಗ ಗೊತ್ತೆ? 1985ರ ಕೊನೆಯಲ್ಲಿ. ರಿಚರ್ಡ್ ಅಲಟೋರೆ ಗೆಲ್ಲುವವರೆಗೆ ಸುಮಾರು 23 ವರ್ಷ ಆ ಕುರ್ಚಿ ಖಾಲಿ! ಜನ ಇದ್ದರು, ಹೆಚ್ಚುತ್ತಲೂ ಇದ್ದರು. ಆದರೆ ವಾರ್ಡಿನ ಗಡಿ ಎಳೆಯುವ ಪೆನ್ಸಿಲ್ ಬೇರೆಯವರ ಕೈಯಲ್ಲಿತ್ತು. ಲಾಸ್ ಏಂಜಲೀಸ್ ಕೌಂಟಿಯ ಮೇಲ್ವಿಚಾರಕ ಮಂಡಳಿಗೆ ಗ್ಲೋರಿಯಾ ಮೊಲಿನಾ ಹೋಗಬೇಕಾದರೆ 1991 ಆಯಿತು. ಅದೂ ಇದ್ದ ಸದಸ್ಯರು ತಮ್ಮ ಕುರ್ಚಿ ಉಳಿಸಿಕೊಳ್ಳಲು ಲ್ಯಾಟಿನೊ ಬಡಾವಣೆಗಳನ್ನು ಒಡೆದು ಗಡಿ ಎಳೆದಿದ್ದಾರೆ ಎಂದು ನ್ಯಾಯಾಲಯ 1990ರಲ್ಲಿ ತೀರ್ಪು ಕೊಟ್ಟ ಮೇಲೆ. ಬಾಯ್ಲ್ ಹೈಟ್ಸ್‌ನ ಸಂಘ ಒಬ್ಬ ಮನುಷ್ಯನನ್ನು ಗೆಲ್ಲಿಸಿತು, ವ್ಯವಸ್ಥೆಯನ್ನು ಬದಲಾಯಿಸಲಿಲ್ಲ. ರಾಸ್ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುತ್ತಲೇ ಇರುವ ಕತೆಯಾದ್ದರಿಂದ, ಹಿಂದೆ ಬಿಟ್ಟ ಊರಿನಲ್ಲಿ ಆಮೇಲೆ ಏನಾಯಿತು ಎಂಬ ಈ ಬಾಕಿಯ ಮೇಲೆ ಥಾಂಪ್ಸನ್ ಅವರ ಪುಸ್ತಕದ ಭಾರ ಬೀಳುವುದಿಲ್ಲ.

ಎರಡನೆಯ ಪುಸ್ತಕ ಮುಖ್ಯವಾಗುವುದು ಇಲ್ಲಿ. ವಿಲಿ ವೆಲಾಸ್ಕೆಸ್ ಟೆಕ್ಸಾಸಿನ ಸಾನ್ ಆಂಟೋನಿಯೊದಲ್ಲಿ ಬೆಳೆದವರು. ವಿದ್ಯಾರ್ಥಿ ದಿನಗಳಲ್ಲಿ ಉಗ್ರ ಘೋಷಣೆಗಳ ಯುವ ಸಂಘಟನೆ ಕಟ್ಟಿದವರಲ್ಲಿ ಒಬ್ಬರು. ಸ್ಟಾರ್ ಕೌಂಟಿಯ ಹಣ್ಣಿನ ತೋಟದ ಕೂಲಿಗಳ ಮುಷ್ಕರಕ್ಕೂ ಹೋಗಿದ್ದವರು. ಗೆಳೆಯರು 1970ರಲ್ಲಿ ‘ಲಾ ರಾಸಾ ಉನಿದಾ’ ಎಂಬ ಪ್ರತ್ಯೇಕ ಪಕ್ಷ ಕಟ್ಟಿದಾಗ ವೆಲಾಸ್ಕೆಸ್ ಬೇರೆ ದಾರಿ ಹಿಡಿದರು. 1974ರಲ್ಲಿ ‘ಸೌತ್‌ವೆಸ್ಟ್ ವೋಟರ್ ರಿಜಿಸ್ಟ್ರೇಷನ್ ಎಜುಕೇಷನ್ ಪ್ರಾಜೆಕ್ಟ್’ ಶುರು ಮಾಡಿದರು. ‘ನಿನ್ನ ಮತವೇ ನಿನ್ನ ದನಿ’ ಎಂಬರ್ಥದ ಸ್ಪ್ಯಾನಿಷ್ ಘೋಷಣೆ ಅವರದ್ದೇ.

ಬ್ಯಾಂಕಿನವನಾದ ನನಗೆ ಈ ಸಂಸ್ಥೆಯ ಹಣಕಾಸಿನ ಹಿನ್ನೆಲೆ ಬಹಳ ಸ್ವಾರಸ್ಯಕರ ಅನ್ನಿಸಿತು. 1969ರಲ್ಲಿ ಅಮೆರಿಕದಲ್ಲಿ ಒಂದು ತೆರಿಗೆ ಕಾನೂನು ಬಂತು. ದಾನ ಕೊಡುವ ಪ್ರತಿಷ್ಠಾನಗಳು ಮತದಾರರ ನೋಂದಣಿಗೆ ಹಣ ಕೊಡಬೇಕಾದರೆ ಆ ಕೆಲಸ ಪಕ್ಷಾತೀತವಾಗಿರಬೇಕು, ಒಂದೇ ಚುನಾವಣೆಗೆ ಸೀಮಿತವಾಗಿರಬಾರದು, ಕಡೇಪಕ್ಷ ಐದು ರಾಜ್ಯಗಳಲ್ಲಿ ನಡೆಯಬೇಕು ಎಂಬುದು ಷರತ್ತು. ಅಂದರೆ ಒಂದು ಕೇರಿ, ಒಂದು ಊರಿನ ಬಡವರ ಸಂಘಕ್ಕೆ ದೊಡ್ಡ ಹಣ ಸಿಗದಂತೆ ಬಾಗಿಲು ಹಾಕಿದ ಹಾಗೆ. ವೆಲಾಸ್ಕೆಸ್ ಅಂಥವರು ಏನು ಮಾಡಿದರು? ಟೆಕ್ಸಾಸ್, ಕ್ಯಾಲಿಫೋರ್ನಿಯಾ, ನ್ಯೂ ಮೆಕ್ಸಿಕೊ, ಅರಿಜೋನಾ, ಕೊಲೊರಾಡೊ ಐದನ್ನೂ ಸೇರಿಸಿ ಒಂದೇ ಸಂಸ್ಥೆ ಮಾಡಿದರು. ಒಳಗೆ ಕೆಲಸ ಮಾತ್ರ ಊರೂರಿನ ಸಣ್ಣ ಸಮಿತಿಗಳದ್ದು. ತೆರಿಗೆ ವಿನಾಯಿತಿಗಾಗಿ ವರ್ಷಗಟ್ಟಲೆ ಕಾದರು. ನಿಯಮದ ಪುಸ್ತಕವನ್ನು ಬೈಯುತ್ತಾ ಕೂರದೆ, ಅದನ್ನೇ ಓದಿ ಅದರೊಳಗೆ ದಾರಿ ಹುಡುಕಿದ ಈ ಭಾಗವನ್ನು ನಮ್ಮ ಸಂಘಗಳ ಖಜಾಂಚಿಗಳೆಲ್ಲ ಓದಬೇಕು.

ವೆಲಾಸ್ಕೆಸ್ ಅವರಿಗೆ ಬೇಗನೆ ಅರ್ಥವಾದ ಇನ್ನೊಂದು ಸಂಗತಿ: ಪಟ್ಟಿಯಲ್ಲಿ ಹೆಸರು ಸೇರಿಸಿದರೆ ಸಾಲದು, ಆ ಹೆಸರು ಯಾವ ಗಡಿಯೊಳಗೆ ಬೀಳುತ್ತದೆ ಎಂಬುದೂ ಮುಖ್ಯ. ಸಾನ್ ಆಂಟೋನಿಯೊದಲ್ಲಿ ವಾರ್ಡೇ ಇರಲಿಲ್ಲ. ಪ್ರತಿ ಸ್ಥಾನಕ್ಕೂ ಇಡೀ ನಗರ ಓಟು ಹಾಕಬೇಕು. ಹಣವಂತರ ಕಡೆಯ ಪಟ್ಟಿ ಪೂರ್ತಿಯಾಗಿ ಗೆದ್ದುಬಿಡುತ್ತಿತ್ತು, ಮಳೆ ಬಂದರೆ ಪಶ್ಚಿಮದ ಬಡ ಬಡಾವಣೆಗಳು ಮುಳುಗುತ್ತಿದ್ದವು. 1975ರಲ್ಲಿ ಮತದಾನ ಹಕ್ಕಿನ ಕಾಯ್ದೆ ಸ್ಪ್ಯಾನಿಷ್ ಮುಂತಾದ ಭಾಷಾ ಅಲ್ಪಸಂಖ್ಯಾತರಿಗೂ ವಿಸ್ತರಿಸಿತು. ಕೇಂದ್ರದ ಒತ್ತಡ ಬಂದು 1977ರಲ್ಲಿ ನಗರವನ್ನು ಹತ್ತು ವಾರ್ಡುಗಳಾಗಿ ಒಡೆದರು. ಅದೇ ವರ್ಷದ ಚುನಾವಣೆಯಲ್ಲಿ ಐವರು ಮೆಕ್ಸಿಕನ್ ಮೂಲದವರು, ಒಬ್ಬರು ಕಪ್ಪು ಜನಾಂಗದವರು ಆರಿಸಿಬಂದರು. 1981ರಲ್ಲಿ ಹೆನ್ರಿ ಸಿಸ್ನೆರೋಸ್ ಮೇಯರ್ ಆದರು. ಇದೆಲ್ಲ ವೆಲಾಸ್ಕೆಸ್ ಒಬ್ಬರ ಕೆಲಸವಲ್ಲ. ಚರ್ಚುಗಳ ಮೂಲಕ ಕಟ್ಟಿದ ‘ಕಾಪ್ಸ್’ ಎಂಬ ಸಂಘಟನೆ ಗಟಾರದ ಪ್ರಶ್ನೆ ಹಿಡಿದುಕೊಂಡು ಹೋರಾಡಿತು, ವಕೀಲರು ಮೊಕದ್ದಮೆ ಹೂಡಿದರು. ವೆಲಾಸ್ಕೆಸ್ ಅವರ ಸಂಸ್ಥೆ ಊರಿಂದೂರಿಗೆ ಇದೇ ಪಾಠವನ್ನು ಒಯ್ದಿತು. ಅವರು ಶುರು ಮಾಡಿದಾಗ ದೇಶದಲ್ಲಿ ಸುಮಾರು 24 ಲಕ್ಷ ಇದ್ದ ಲ್ಯಾಟಿನೊ ಮತದಾರರ ನೋಂದಣಿ, ಅವರ ಕಾಲದಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಯಿತು. 1988ರಲ್ಲಿ ಮೂತ್ರಪಿಂಡದ ಕ್ಯಾನ್ಸರಿನಿಂದ ತೀರಿಕೊಂಡಾಗ ಅವರಿಗೆ 44 ವರ್ಷ.

ಸೆಪುಲ್ವೆಡಾ ಅವರ ಬರವಣಿಗೆಯಲ್ಲಿ ಅಭಿಮಾನ ಎದ್ದು ಕಾಣುತ್ತದೆ. ಅದು ಪುಸ್ತಕದ ಶಕ್ತಿ, ದೌರ್ಬಲ್ಯವೂ ಹೌದು. ಒಳಗಿನ ಜಗಳ, ಹಣದ ಪರದಾಟ, ಗೆಳೆತನ ಮುರಿದದ್ದು ಎಲ್ಲ ಹತ್ತಿರದಿಂದ ಸಿಗುತ್ತವೆ. ಆದರೆ ಎಷ್ಟು ನೋಂದಣಿ ಆಯಿತು ಎಂಬ ಲೆಕ್ಕ ಬಂದಾಗ ನಾನು ಸ್ವಲ್ಪ ಪೆನ್ನು ಹಿಡಿದು ನಿಲ್ಲುತ್ತೇನೆ. ಬ್ಯಾಂಕಿನಲ್ಲಿದ್ದವರಿಗೆ ಈ ಟಾರ್ಗೆಟ್ ಅನ್ನೋದು ಏನು ಅಂತ ಗೊತ್ತು. 2005ರ ನಂತರ ‘ನೋ-ಫ್ರಿಲ್ಸ್’ ಖಾತೆಗಳ ಭರಾಟೆ ಬಂತು. ಶಿಬಿರ ಹಾಕಿ, ಫೋಟೊ ತೆಗೆಸಿ, ಪಾಸ್‌ಬುಕ್ ಹಂಚಿದ್ದೇ ಹಂಚಿದ್ದು. ಮಾರ್ಚ್ ಕೊನೆಗೆ ಸಂಖ್ಯೆ ಭರ್ಜರಿ. ಎರಡು ವರ್ಷ ಕಳೆದು ನೋಡಿದರೆ ಅವುಗಳಲ್ಲಿ ಎಷ್ಟೋ ಖಾತೆಗಳಲ್ಲಿ ಒಂದು ರೂಪಾಯಿಯ ವಹಿವಾಟೂ ಇಲ್ಲದೆ ‘ಇನ್-ಆಪರೇಟಿವ್’ ಪಟ್ಟಿಗೆ ಹೋಗಿರುತ್ತಿದ್ದವು. ಖಾತೆ ತೆರೆದವನು ಮತ್ತೆ ಶಾಖೆಗೆ ಬರಬೇಕಾದರೆ ಅವನಿಗೆ ಅಲ್ಲಿ ಏನಾದರೂ ಕೆಲಸ ಇರಬೇಕು. ವೆಲಾಸ್ಕೆಸ್ ಅವರಿಗೂ ಇದು ತಿಳಿದಿತ್ತು. ಅದಕ್ಕೇ ಅವರು ರಸ್ತೆ, ದೀಪ, ಚರಂಡಿಯಂಥ ಊರಿನ ಪ್ರಶ್ನೆಯಿಂದಲೇ ಶುರು ಮಾಡಿ ಎನ್ನುತ್ತಿದ್ದರು. ಪುಸ್ತಕ ಈ ಮಾತನ್ನು ಹೇಳುತ್ತದೆ. ಹೆಸರು ಸೇರಿಸಿದವರಲ್ಲಿ ಎಷ್ಟು ಜನ ಎರಡನೆಯ, ಮೂರನೆಯ ಚುನಾವಣೆಗೂ ಬಂದರು ಎಂಬ ಪ್ರಶ್ನೆ ಮಾತ್ರ ಅಭಿಮಾನದ ನಡುವೆ ಹಿಂದಕ್ಕೆ ಸರಿಯುತ್ತದೆ. ನನ್ನ ಮಟ್ಟಿಗೆ ನಿಜವಾದ ಬ್ಯಾಲೆನ್ಸ್ ಅದೇ.

ಎರಡೂ ಪುಸ್ತಕಗಳಿಗೆ ಉತ್ತರಿಸಲು ಆಗದ ಒಂದು ಪ್ರಶ್ನೆ ಆಮೇಲಿನ ವರ್ಷಗಳಲ್ಲಿ ಎದ್ದಿದೆ: ಅಧಿಕಾರ ಸಿಕ್ಕ ಮೇಲೆ ಏನು? 2022ರ ಅಕ್ಟೋಬರಿನಲ್ಲಿ ಲಾಸ್ ಏಂಜಲೀಸಿನಲ್ಲಿ ಒಂದು ಧ್ವನಿಮುದ್ರಿಕೆ ಬಯಲಾಯಿತು. ನಗರಸಭೆಯ ಲ್ಯಾಟಿನೊ ಮುಖಂಡರು ಕೆಲವರು 2021ರಲ್ಲಿ ಒಂದು ಕೋಣೆಯಲ್ಲಿ ಕೂತು ವಾರ್ಡಿನ ಗಡಿಗಳ ಬಗ್ಗೆ ಮಾತಾಡಿದ್ದು ಅದರಲ್ಲಿತ್ತು. ಸಹೋದ್ಯೋಗಿಯೊಬ್ಬರ ಕಪ್ಪು ಬಣ್ಣದ ಚಿಕ್ಕ ಮಗನ ಬಗ್ಗೆ, ಮೆಕ್ಸಿಕೊದ ಒವಾಹಾಕಾದಿಂದ ಬಂದ ಮೂಲನಿವಾಸಿಗಳ ಬಗ್ಗೆ ಕೇಳಲಾಗದ ಮಾತುಗಳು. ನಗರಸಭೆಯ ಅಧ್ಯಕ್ಷೆ ನೂರಿ ಮಾರ್ಟಿನೆಸ್ ರಾಜೀನಾಮೆ ಕೊಡಬೇಕಾಯಿತು. ಆ ಹುದ್ದೆಗೇರಿದ ಮೊದಲ ಲ್ಯಾಟಿನಾ ಅವರು. ಗಡಿ ಎಳೆಯುವ ಪೆನ್ಸಿಲ್ ಕೈಗೆ ಬಂದಿತ್ತು. ಅದನ್ನು ಹಿಡಿದವರು ಹಿಂದೆ ತಮಗಾದದ್ದನ್ನೇ ಇನ್ನೊಬ್ಬರಿಗೆ ಮಾಡಲು ಕೂತಿದ್ದರು. ಓಟಿಲ್ಲದ ಮುದುಕರಿಗೆ ಪಿಂಚಣಿ ಕೊಡಿಸಿದ ಸಂಘದ ಊರಿನಲ್ಲೇ ಹೀಗಾಯಿತು ಎನ್ನುವುದು ಕಹಿ.

ಹಾಗೆಯೇ, ಸಮುದಾಯ ಎಂದರೆ ಒಂದೇ ಕಡೆ ಬೀಳುವ ಓಟಿನ ಮೂಟೆ ಎಂಬ ನಂಬಿಕೆಯೂ ಸುಳ್ಳಾಯಿತು. ವೆಲಾಸ್ಕೆಸ್ ಮುಷ್ಕರಕ್ಕೆ ಹೋಗಿದ್ದ ಸ್ಟಾರ್ ಕೌಂಟಿಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಮೆಕ್ಸಿಕನ್ ಮೂಲದವರೇ. ನೂರು ವರ್ಷಕ್ಕೂ ಮಿಕ್ಕಿ ಡೆಮಾಕ್ರಟಿಕ್ ಪಕ್ಷದ ಜೊತೆಗಿದ್ದ ಆ ಕೌಂಟಿ 2024ರಲ್ಲಿ ಟ್ರಂಪ್ ಅವರನ್ನು ಗೆಲ್ಲಿಸಿತು. ಇದನ್ನು ಕೆಲವರು ದ್ರೋಹ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಓಟು ಸ್ವಂತದ್ದು ಅಂತಾದ ಮೇಲೆ ಅದನ್ನು ಎಲ್ಲಿ ಹಾಕಬೇಕು ಎಂಬುದೂ ಸ್ವಂತದ್ದೇ. ಸಂಘದ ಕೆಲಸ ದನಿ ಕೊಡುವುದು. ಆ ದನಿ ಏನು ಹೇಳಬೇಕು ಎಂದು ಬರೆದುಕೊಡಲು ಹೋದರೆ ಅದು ಪಕ್ಷದ ಬ್ರ್ಯಾಂಚ್ ಆಫೀಸು ಆಗುತ್ತದೆ.

ಇಷ್ಟೆಲ್ಲ ಹೇಳಿ ನಮ್ಮ ವಿಚಾರಕ್ಕೆ ಬಾರದಿದ್ದರೆ ಹೇಗೆ? ಹೋಲಿಕೆಗೆ ಮಿತಿ ಇದೆ, ಅದನ್ನು ಮೊದಲೇ ಹೇಳಿದ್ದೇನೆ. ಮುಂಬಯಿಯಲ್ಲಿರುವ ಕನ್ನಡಿಗ ಈ ದೇಶದ ಪೌರ. ಮನೆ ಬದಲಾದರೆ ಫಾರಂ 8 ತುಂಬಿದರೆ ಹೆಸರು ಹೊಸ ವಿಳಾಸಕ್ಕೆ ಬರುತ್ತದೆ. ಬಾಯ್ಲ್ ಹೈಟ್ಸ್‌ನವರಿಗೆ ಇದ್ದ ಗೋಡೆ ನಮಗಿಲ್ಲ. ಅಷ್ಟು ಸುಲಭ ಇದ್ದೂ ನಮ್ಮ ಸಂಘಗಳಲ್ಲಿ ಈ ಮಾತು ಏಕೆ ಬರುವುದಿಲ್ಲ? ನನ್ನ ಅನಿಸಿಕೆ ಏನಪ್ಪಾ ಅಂದ್ರೆ, 1960ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಎದ್ದ ಗಲಾಟೆ, ಉಡುಪಿ ಹೋಟೆಲುಗಳ ಮೇಲೆ ಬಿದ್ದ ಕಲ್ಲು ನಮ್ಮ ಹಿರಿಯರಿಗೆ ಒಂದು ಪಾಠ ಕಲಿಸಿತು: ತಲೆ ಎತ್ತಬೇಡ, ದುಡಿ, ಮನೆಗೆ ಬಾ. ಆ ಪಾಠ ಆ ಕಾಲಕ್ಕೆ ಜೀವ ಉಳಿಸಿತು. ಈಗಲೂ ಅದೇ ಪಾಠ ಓದಬೇಕೆ?

1967ರಲ್ಲಿ ಮಂಗಳೂರಿನಿಂದ ಬಂದ ಜಾರ್ಜ್ ಫರ್ನಾಂಡಿಸ್ ದಕ್ಷಿಣ ಮುಂಬಯಿಯಲ್ಲಿ ಎಸ್.ಕೆ. ಪಾಟೀಲರಂಥ ಘಟಾನುಘಟಿಯನ್ನು ಸೋಲಿಸಿದ್ದರು. ಹೊರಗಿನಿಂದ ಬಂದವನೊಬ್ಬ ಗೆದ್ದ ಎಂದು ನಾವು ಹೆಮ್ಮೆಪಡುತ್ತೇವೆ. ಆದರೆ ಅವರು ಹೊರಗಿನವರ ಪ್ರತಿನಿಧಿಯಾಗಿ ನಿಂತು ಗೆದ್ದವರಲ್ಲ. ಟ್ಯಾಕ್ಸಿಯವರು, ಹೋಟೆಲ್ ಕಾರ್ಮಿಕರು, ಪಾಲಿಕೆಯ ನೌಕರರು ಇವರ ನಡುವೆ ವರ್ಷಗಟ್ಟಲೆ ಮಾಡಿದ ಸಂಘಟನೆಯ ಫಲ ಅದು. ಯಹೂದಿ ನೆರೆಯವರ ಓಟು ಪಡೆದ ರಾಯ್‌ಬಲ್ ಅವರ ಗೆಲುವಿಗೆ ಇದು ಹತ್ತಿರದ ಸಂಬಂಧಿ.

ಮುಂಬಯಿ ಮಹಾನಗರ ಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸುತ್ತಾ ಬಂದಿದೆ. ಮಕ್ಕಳು ಕಡಿಮೆಯಾಗುತ್ತಿದ್ದಾರೆ, ಶಾಲೆ ಉಳಿಸಿ ಎಂದು ನಾವು ಮನವಿಪತ್ರ ಕೊಡುತ್ತೇವೆ. ಚೆನ್ನಾಗಿ ಟೈಪ್ ಮಾಡಿದ, ಅಧ್ಯಕ್ಷ-ಕಾರ್ಯದರ್ಶಿಗಳ ಸಹಿ ಇರುವ ಮನವಿ. ಅದನ್ನು ಪಡೆದ ನಗರಸೇವಕನ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಇವರಲ್ಲಿ ನನ್ನ ವಾರ್ಡಿನವರು ಎಷ್ಟು? ಆ ಪ್ರಶ್ನೆಗೆ ನಮ್ಮ ಸಂಘದ ಸದಸ್ಯತ್ವ ರಿಜಿಸ್ಟರಿನಲ್ಲಿ ಉತ್ತರ ಇರುವುದಿಲ್ಲ. ವಾರ್ಷಿಕ ಚಂದಾ ಕಟ್ಟಿದ್ದು, ಆಜೀವ ಸದಸ್ಯರಾದದ್ದು ಎಲ್ಲ ಇರುತ್ತದೆ. ಯಾರು ಯಾವ ವಾರ್ಡಿನ ಮತದಾರರು ಎಂಬ ಕಾಲಂ ಇಲ್ಲ.

ಇದಕ್ಕೆ ಕನ್ನಡಿಗ ಅಭ್ಯರ್ಥಿ ಬೇಕಿಲ್ಲ, ಕನ್ನಡಿಗರ ಪಕ್ಷವಂತೂ ಬೇಡವೇ ಬೇಡ. ನೆರೆಯ ಮರಾಠಿಯವರಿಗೂ ಅದೇ ಗಟಾರ, ತೆಲುಗಿನವರಿಗೂ ಅದೇ ಶಾಲೆಯ ಚಿಂತೆ. ಅವರ ಜೊತೆ ಕೂತು ಹೇಳಬೇಕಾದದ್ದನ್ನು ಹೇಳಲು ಒಂದು ಪಟ್ಟಿ ಇದ್ದರೆ ಸಾಕು. ಈ ಎರಡು ಪುಸ್ತಕಗಳನ್ನು ಅವುಗಳ ನಾಯಕರಿಗಾಗಿ ಓದಬೇಕಿಲ್ಲ. ನಾಯಕರ ಭಾಗ ಅವುಗಳಲ್ಲಿ ಸ್ವಲ್ಪ ಹೆಚ್ಚೇ ಆಗಿದೆ. ಬಾಗಿಲು ತಟ್ಟುವುದು ಹೇಗೆ, ಪಟ್ಟಿ ಇಟ್ಟುಕೊಳ್ಳುವುದು ಹೇಗೆ, ಗೆದ್ದ ಮೇಲೆ ಸಂಘ ಮುಚ್ಚದಂತೆ ನೋಡಿಕೊಳ್ಳುವುದು ಯಾಕೆ ಅಷ್ಟು ಕಷ್ಟ ಎಂಬುದನ್ನು ತಿಳಿಯಲು ಓದಬೇಕು. ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ‘ಇತರ ವಿಷಯಗಳು’ ಎಂದು ಕೊನೆಗೆ ಐದು ನಿಮಿಷ ಇಟ್ಟಿರುತ್ತಾರಲ್ಲ, ಅಲ್ಲಿ ಯಾರಾದರೂ ಎದ್ದು ಆ ಹೊಸ ಕಾಲಂನ ಮಾತು ಎತ್ತಿದರೆ ಅಷ್ಟರಮಟ್ಟಿಗೆ ಈ ಓದು ಉಪಯೋಗಕ್ಕೆ ಬಂದ ಹಾಗೆ.